ಎಡದಿಂದ ಮೂರನೆಯವನು

"ಸುಳ್ಳು!" ಎಂದ ಕ್ರೇಗ್. ಕೈ ಎತ್ತಿ ಕೇಳುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ.

ಶುಭಾ ಇನ್ನೂ ಬೋರ್ಡಿನ ಮುಂದೆಯೇ ನಿಂತಿದ್ದಳು. ಅದು 1975ರ ಅಕ್ಟೋಬರ್. 'ನಮ್ಮ ಬೀದಿಯ ಹಳೆಯ ಕಾಲದವರು' ಎಂಬ ವಿಷಯದ ಮೇಲೆ ಐದನೇ ಕ್ಲಾಸಿನ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮಾತಾಡುತ್ತಿದ್ದರು. ಅವಳು ಪಕ್ಕದ ಮನೆಯ ಮಿಸ್ಟರ್ ನೋವಾಕ್ ಬಗ್ಗೆ ಮಾತಾಡಿದ್ದಳು. ಎಲ್ಲ ಚೆನ್ನಾಗಿಯೇ ಹೋಗಿತ್ತು. ಇನ್ನೇನು 'ಥ್ಯಾಂಕ್ ಯೂ' ಹೇಳಿ ಕೂರಬೇಕು, ಅಷ್ಟರಲ್ಲಿ ಇವನದೊಂದು.

"ಏನು ಸುಳ್ಳು?" ಎಂದಳು ಶುಭಾ.

"ಅವರು ಥಾರ್ನ್‌ಬಿ ಕಾಲೇಜ್ ಟೀಮ್‌ನಲ್ಲಿ ಫುಟ್‌ಬಾಲ್ ಆಡಿದ್ದು. 1905ರ ಟೀಮ್ ಫೋಟೊ ಆ ಕಾಲೇಜಿನ ಜಿಮ್ ಹತ್ರ ಇದೆ. ಕೆಳಗೆ ಎಲ್ಲರ ಹೆಸರೂ ಬರ್ದಿದಾರೆ. ನೋವಾಕ್ ಅಂತ ಯಾರೂ ಇಲ್ಲ."

"ನಿನಗೆ ಹೇಗೆ ಗೊತ್ತು?"

"ಯಾಕಂದ್ರೆ ನಮ್ಮ ತಾತ ಅದ್ರಲ್ಲಿದಾರೆ. ರಾಬರ್ಟ್ ಪ್ರೆಂಟಿಸ್. ಎಡದಿಂದ ಮೂರನೆಯವರು. ಆ ವರ್ಷ ಥಾರ್ನ್‌ಬಿ ಒಂದು ಮ್ಯಾಚೂ ಸೋಲ್ಲಿಲ್ಲ, ಗೊತ್ತಾ?"

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಶುಭಾಳ ಕಿವಿ ಬಿಸಿಯಾಯಿತು. ಕ್ರೇಗ್ ಪ್ರೆಂಟಿಸ್ ಒರಟ, ಆದರೆ ಸುಳ್ಳು ಹೇಳುವ ಹುಡುಗನಲ್ಲ. ಅದೇ ತೊಂದರೆಯಾಗಿದ್ದು.

ಟೀಚರ್ ಮಿಸ್ ಡೋಯ್ಲ್ ನಡುವೆ ಬಂದರು. "ಜಗಳ ಯಾಕೆ? ಮುಂದಿನ ಶುಕ್ರವಾರ ನಮ್ಮ ಕ್ಲಾಸ್ ಟ್ರಿಪ್ ಥಾರ್ನ್‌ಬಿಗೇ ಅಲ್ವಾ? ಫೋಟೊನ ಎಲ್ಲರೂ ನೋಡೋಣ. ಶುಭಾ, ಮಿಸ್ಟರ್ ನೋವಾಕ್ ಅವರನ್ನೂ ಕರಿ. ಬಸ್ಸಲ್ಲಿ ಜಾಗ ಇದೆ."

ಸಂಜೆ ಶುಭಾ ಶಾಲೆಯ ಬಸ್ಸಿಳಿದಾಗ ಮಿಸ್ಟರ್ ನೋವಾಕ್ ತಮ್ಮ ಮನೆಯ ಮುಂದೆ ಮೇಪಲ್ ಎಲೆಗಳನ್ನು ಗುಡ್ಡೆ ಹಾಕುತ್ತಿದ್ದರು. ಡೆಟ್ರಾಯ್ಟ್ ಹತ್ತಿರದ ನಾರ್ತ್‌ವಿಲ್‌ನ ಆ ಬೀದಿಯಲ್ಲಿ ಅವರಷ್ಟು ವಯಸ್ಸಾದವರು ಬೇರೆ ಯಾರೂ ಇರಲಿಲ್ಲ. ಸೊಟ್ಟ ಮೂಗು, ಕಟ್ಟಿಸಿಕೊಂಡ ಹಲ್ಲು. ಬಲಗೈಯ ಹೆಬ್ಬೆರಳು ಮಡಿಸಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಡೆಟ್ರಾಯ್ಟಿನ ಒಲೆ ಕಾರ್ಖಾನೆಯಲ್ಲಿ ಅದರ ಮೇಲೆ ಕಬ್ಬಿಣದ ಬಾಗಿಲು ಬಿದ್ದಿತ್ತಂತೆ. ಅಂದಿನಿಂದ ಅದು ನೆಟ್ಟಗೆ ನಿಂತೇ ಇತ್ತು. ಎಲೆ ಬಾಚುವ ಕುಂಟೆ ಹಿಡಿದಾಗಲೂ ಉಳಿದ ನಾಲ್ಕು ಬೆರಳು ಕೆಲಸ ಮಾಡುತ್ತಿದ್ದವು, ಹೆಬ್ಬೆರಳು ಮಾತ್ರ ಸುಮ್ಮನೆ ನಿಂತು ನೋಡುತ್ತಿತ್ತು.

"ಹೇಗಾಯ್ತು ಮಗೂ, ನಿನ್ನ ಸ್ಪೀಚು?" ಎಂದು ಅವರು ಕೇಳಿದರು.

"ಚೆನ್ನಾಗಾಯ್ತು. ಶುಕ್ರವಾರ ಟ್ರಿಪ್ಪಿಗೆ ನಿಮ್ಮನ್ನೂ ಕರೀತಿದಾರೆ. ಥಾರ್ನ್‌ಬಿಗೆ. ಅಲ್ಲಿ ನಿಮ್ಮ ಟೀಮಿನ ಫೋಟೊ ಇದೆಯಂತೆ."

ಕುಂಟೆ ಗಕ್ಕನೆ ನಿಂತಿತು.

"ಇಲ್ಲಪ್ಪ," ಎಂದರು ಮಿಸ್ಟರ್ ನೋವಾಕ್, ಎಲೆಗಳನ್ನೇ ನೋಡುತ್ತ. "ಮಂಡಿ ನೋವು. ಬಸ್ಸಲ್ಲಿ ಕೂರಕ್ಕಾಗಲ್ಲ."

ಅಷ್ಟು ಹೇಳಿ ಒಳಗೆ ಹೋಗಿಬಿಟ್ಟರು. ಮಂಡಿ ನೋವಿನವರು ಮೂರು ಮೆಟ್ಟಿಲನ್ನು ಅಷ್ಟು ಸಲೀಸಾಗಿ ಹತ್ತುವುದನ್ನು ಶುಭಾ ನೋಡಿಯೇ ಇರಲಿಲ್ಲ.

ಕ್ರೇಗ್ ಅವಳ ತಲೆಯಲ್ಲಿ ಹುಳ ಬಿಟ್ಟಿದ್ದ. ಈಗ ಅದು ಕೊರೆಯತೊಡಗಿತು. ಅವರು ಹದಿನಾಲ್ಕನೇ ವಯಸ್ಸಿಗೇ ಒಲೆ ಕಾರ್ಖಾನೆ ಸೇರಿದೆ ಅಂತಾರೆ. ಮದುವೆಯಾಗುವವರೆಗೂ ಅಲ್ಲೇ ಇದ್ದೆ ಅಂತಾರೆ. ಹಾಗಾದರೆ ಕಾಲೇಜಿಗೆ ಹೋಗಿದ್ದು ಯಾವಾಗ?

ರಾತ್ರಿ ಊಟದ ಹೊತ್ತಿಗೆ ಅದನ್ನೇ ಕೇಳಿದಳು.

"ಈವನಿಂಗ್ ಕಾಲೇಜ್ ಇದ್ದಿರಬಹುದು," ಎಂದರು ಅಪ್ಪ ಶೇಷಗಿರಿ. ಅವರು ಕಾರ್ ಕಂಪನಿಯಲ್ಲಿ ಇಂಜಿನಿಯರ್. ಇಡೀ ದಿನ ಬ್ರೇಕಿನ ಲೆಕ್ಕ ಮಾಡಿ ಬಂದವರಿಗೆ ಮನೆಯಲ್ಲಿ ಇನ್ನೊಂದು ಲೆಕ್ಕ ಬೇಕಿರಲಿಲ್ಲ.

ಅಮ್ಮ ಸರಳಾ ಮಾತ್ರ ತಟ್ಟನೆ, "ನಾನು ಹೇಳಿರ್ಲಿಲ್ವಾ? ಇಲ್ಲಿಯವರನ್ನ ಅಷ್ಟು ಬೇಗ ನಂಬ್ಬೇಡ ಅಂತ," ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಪಾಪ, ವಯಸ್ಸಾದ್ಮೇಲೆ ಎಲ್ರೂ ಒಂದಕ್ಕೆರಡು ಸೇರಿಸಿ ಹೇಳ್ಕೋತಾರೆ. ಮೈಸೂರಲ್ಲಿ ನಮ್ಮ ದೊಡ್ಡಪ್ಪ ಹುಲಿ ಹೊಡೆದಿದ್ದೆ ಅಂತಿದ್ರು. ಅವರ ಹತ್ರ ಕೋವಿನೇ ಇರ್ಲಿಲ್ಲ," ಎಂದು ನಕ್ಕರು.

ಶುಭಾಗೆ ನಗು ಬರಲಿಲ್ಲ. ಕೆಟ್ಟ ಸಿಟ್ಟು ಬಂತು. ಎಷ್ಟೊಂದು ಸಂಜೆ ಅವರ ಅಡುಗೆಮನೆಯಲ್ಲಿ ಕೂತು ಆ ಕತೆಗಳನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದ್ದಳು!

ಮರುದಿನ ಲೈಬ್ರರಿಯಿಂದ ಹಳೆಯ ಫುಟ್‌ಬಾಲಿನ ಬಗ್ಗೆ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಇಲ್ಲಿಯವರ ಆಟದ ಬಗ್ಗೆ, ಒಂದು ದಪ್ಪ ಪುಸ್ತಕ ತಂದಳು. ಓದಿಕೊಂಡು, ಪೊಲೀಸಿನವರ ಹಾಗೆ ಮುಖ ಮಾಡಿಕೊಂಡು ಪಕ್ಕದ ಮನೆಗೆ ಹೋದಳು. ಅಮ್ಮ ಕೊಟ್ಟ ಚಕ್ಕುಲಿಯೂ ಕೈಯಲ್ಲಿತ್ತು. ಮಿಸ್ಟರ್ ನೋವಾಕ್ ಎಂದಿನಂತೆ ಅದನ್ನು ಕಾಫಿಯಲ್ಲಿ ಅದ್ದಿ ಅದ್ದಿ ಚೀಪಿದರು. ಗಟ್ಟಿ ಇರುವುದನ್ನು ಅವರ ಕಟ್ಟಿಸಿದ ಹಲ್ಲು ತಡೆಯುತ್ತಿರಲಿಲ್ಲ. ಕಡಲೆಬೀಜವನ್ನಂತೂ ಅವರು ಮುಟ್ಟುತ್ತಲೇ ಇರಲಿಲ್ಲ.

"ನೀವು ಚೆಂಡನ್ನ ಎಷ್ಟು ದೂರ ಮುಂದಕ್ಕೆ ಎಸೀತಿದ್ರಿ?" ಇದು ಅವಳು ಒಡ್ಡಿದ ಬಲೆ.

"ಎಸೆಯೋದಾ? ಆಗ ಮುಂದಕ್ಕೆ ಎಸೆಯೋ ಹಾಗೇ ಇರ್ಲಿಲ್ಲ ಮಗೂ. ಆ ರೂಲ್ ಬಂದಿದ್ದು ಮಾರನೇ ವರ್ಷ. ನಾವು ಚೆಂಡನ್ನ ಹೊಟ್ಟೆಗೆ ಅವಚಿಕೊಂಡು ನುಗ್ಗೋದೇ."

ಸರಿಯಾಗಿತ್ತು.

"ಹೆಲ್ಮೆಟ್?"

"ನಮ್ಮಲ್ಲಿ ಯಾರ ಹತ್ರಾನೂ ಇರ್ಲಿಲ್ಲ. ತಲೆಗೆ ಪೆಟ್ಟು ಬೀಳಬಾರದು ಅಂತ ಕೂದಲು ಉದ್ದ ಬಿಡ್ತಿದ್ವಿ. ನನ್ನ ಪ್ಯಾಂಟಿನ ಹಿಂದೆ ನಮ್ಮಮ್ಮ ಒಂದು ಹಿಡಿ ಹೊಲಿದಿದ್ಲು, ಪೆಟ್ಟಿಗೆಗೆ ಇರತ್ತಲ್ಲ, ಹಾಗೆ. ನಾನು ಬಿದ್ರೆ ನಮ್ಮವರು ಅದನ್ನ ಹಿಡಿದು ಮುಂದಕ್ಕೆ ಎಳೀತಿದ್ರು."

ಅದೂ ಪುಸ್ತಕದಲ್ಲಿತ್ತು. ಆದರೆ ಪುಸ್ತಕದಲ್ಲಿರುವುದನ್ನು ಅವರೂ ಓದಿರಬಹುದಲ್ಲ?

"ಗೆದ್ದಾಗ ಜನ ಏನು ಮಾಡ್ತಿದ್ರು?"

"ಅಯ್ಯೋ, ಕಿವಿ ತೂತಾಗೋ ಹಾಗೆ ಕೂಗ್ತಿದ್ರು..."

"ಏನಂತ ಕೂಗ್ತಿದ್ರು?"

ಮಿಸ್ಟರ್ ನೋವಾಕ್ ಎದ್ದರು. ಆರಿಸಿದ್ದ ಒಲೆಯನ್ನು ಇನ್ನೊಮ್ಮೆ ಆರಿಸಿ ಬಂದರು. "ಹೊತ್ತಾಯ್ತು. ನಿಮ್ಮಮ್ಮ ಕಾಯ್ತಿರ್ತಾರೆ," ಎಂದರು.

ಅಲ್ಲಿಂದ ಮುಂದೆ ಶುಭಾಗೆ ಅವರು ಮಾಡಿದ್ದೆಲ್ಲ ಅನುಮಾನಕ್ಕೆ ಎಡೆಯಾಯಿತು. ಪರದೆ ಎಳೆದರೆ ಯಾಕೆ ಎಳೆದರು? ಕೈ ಬೀಸಿದರೆ ಯಾಕೆ ಬೀಸಿದರು? ಅಡುಗೆಮನೆಯ ಕಿಟಕಿಯಿಂದ ಕಣ್ಣು ಕೀಳದೆ ನೋಡುತ್ತಿದ್ದ ಮಗಳನ್ನು ಅಮ್ಮ ಗದರಿದರು. "ಪಕ್ಕದ ಮನೆ ಕಾವಲಿಗೆ ನಿನ್ನನ್ನೇನಾದ್ರೂ ಇಟ್ಟಿದಾರಾ?"

ಭಾನುವಾರ ಆಯುಧಪೂಜೆ. ಪಂಚಾಂಗದ ಪ್ರಕಾರ ಸೋಮವಾರ ಇತ್ತು, ಆದರೆ ಸೋಮವಾರ ಅಪ್ಪನಿಗೆ ರಜೆ ಎಲ್ಲಿಂದ ಬರಬೇಕು? "ದೇವರಿಗೂ ವೀಕೆಂಡ್ ಅಭ್ಯಾಸ ಆಗ್ಲಿ," ಎಂದು ಗೊಣಗುತ್ತಲೇ ಅಮ್ಮ ಗ್ಯಾರೇಜಿನಲ್ಲಿ ರಂಗೋಲಿ ಬಿಟ್ಟರು. ಬೂದುಗುಂಬಳಕಾಯಿ ಸಿಗದೆ ಹ್ಯಾಲೊವೀನ್ ಕುಂಬಳಕಾಯಿಯೇ ಬಂದಿತ್ತು. ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಹಿತ್ತಲಿನ ಚೆಂಡುಹೂವು. ಅಪ್ಪನ ಸ್ಪ್ಯಾನರು, ಅಮ್ಮನ ಹೊಲಿಗೆ ಮಿಶಿನ್ನು, ಶುಭಾಳ ಕಂಪಾಸ್ ಬಾಕ್ಸು ಎಲ್ಲವೂ ಸಾಲಾಗಿ ಕೂತಿದ್ದವು.

ಆಗ ಮಿಸ್ಟರ್ ನೋವಾಕ್ ಬಂದರು. ಹೋದ ವರ್ಷ ಅವರ ಹುಲ್ಲು ಕತ್ತರಿಸುವ ಮಿಶಿನ್ನಿಗೂ ಅಪ್ಪ ಕುಂಕುಮ ಹಚ್ಚಿದ್ದರು. ಅದು ಆಮೇಲೆ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗತೊಡಗಿತ್ತು. ಈ ಸಲ ಅವರ ಕೈಯಲ್ಲಿ ಹಳೆಯ ಬೂಟುಗಳ ಜೋಡಿಯಿತ್ತು. ಚರ್ಮ ಒಣಗಿ ಬಿರಿದಿತ್ತು. ಅಡಿಯಲ್ಲಿ, ಕೆಸರಲ್ಲಿ ಜಾರದಿರಲೆಂದು ಮೊಳೆ ಹೊಡೆದು ಕೂರಿಸಿದ ಚರ್ಮದ ತುಂಡುಗಳಿದ್ದವು.

"ಇದನ್ನೂ ಇಡಬಹುದಾ?" ಎಂದರು ಮೆಲ್ಲಗೆ.

ಅಮ್ಮ ಅಪ್ಪನ ಕಡೆ ತಿರುಗಿ ಕನ್ನಡದಲ್ಲಿ, "ಚರ್ಮದ್ದು ಕಣ್ರೀ," ಎಂದರು.

"ಮೃದಂಗಾನೂ ಚರ್ಮದ್ದೇ," ಎಂದರು ಅಪ್ಪ. ಆಮೇಲೆ ಮಿಸ್ಟರ್ ನೋವಾಕರಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. "ಇಡಬಹುದು. ನಾವು ನಮ್ಮ ಕೈಯಾರೆ ಬಳಸಿ ದುಡಿದ ಸಾಮಾನಿಗೆ ಪೂಜೆ ಮಾಡ್ತೀವಿ, ಅಷ್ಟೇ."

ಶುಭಾಗೆ ಇನ್ನು ತಡೆಯಲಾಗಲಿಲ್ಲ. "ಅದು ನಿಮ್ಮದೇನಾ?" ಎಂದುಬಿಟ್ಟಳು. "ಹೌದಾದ್ರೆ ಫೋಟೊದಲ್ಲಿ ನಿಮ್ಮ ಹೆಸರು ಯಾಕಿಲ್ಲ? ಎಲ್ರೂ ನನ್ನನ್ನ ಸುಳ್ಳಿ ಅಂತಿದಾರೆ!"

"ಶುಭಾ! ದೊಡ್ಡವರ ಹತ್ರ ಮಾತಾಡೋ ರೀತಿನಾ ಇದು?" ಅಮ್ಮನ ದನಿ ಏರಿತು.

ಮಿಸ್ಟರ್ ನೋವಾಕ್ ಬೂಟುಗಳನ್ನು ಸ್ಪ್ಯಾನರಿನ ಪಕ್ಕ ಇಟ್ಟು, ಅಲ್ಲೇ ಇದ್ದ ಮಡಿಸುವ ಕುರ್ಚಿಯಲ್ಲಿ ಕೂತರು. ನೆಟ್ಟಗಿದ್ದ ತಮ್ಮ ಹೆಬ್ಬೆರಳನ್ನೇ ಸವರಿಕೊಂಡರು.

"ಕಾಲು ನನ್ನದು, ಬೂಟು ನನ್ನದು. ಹೆಸರು ಮಾತ್ರ ನನ್ನದಲ್ಲ," ಎಂದರು.

ಆಮೇಲೆ ಹೇಳುತ್ತ ಹೋದರು. ಆ ಕಾಲದಲ್ಲಿ ಸುಮಾರು ಕಾಲೇಜುಗಳು ಹೀಗೆ ಮಾಡುತ್ತಿದ್ದವಂತೆ. ಆಡಲು ಗಟ್ಟಿ ಆಳು ಬೇಕು, ಆದರೆ ಆಡುವವನು ಕಾಲೇಜಿನ ವಿದ್ಯಾರ್ಥಿಯೇ ಆಗಿರಬೇಕು. ಅದಕ್ಕೆ ಕಾರ್ಖಾನೆಯಿಂದಲೋ ಗಣಿಯಿಂದಲೋ ಒಬ್ಬನನ್ನು ಕರೆತಂದು ಯಾರಾದರೂ ವಿದ್ಯಾರ್ಥಿಯ ಹೆಸರಿನಲ್ಲಿ ಆಡಿಸುವುದು. ಥಾರ್ನ್‌ಬಿಯ ಕೋಚ್ ಒಲೆ ಕಾರ್ಖಾನೆಗೆ ಬಂದಿದ್ದ. ಒಬ್ಬನೇ ಒಲೆ ಎತ್ತುತ್ತಿದ್ದ ಹುಡುಗ ನೋವಾಕನನ್ನು ನೋಡಿ, ಒಂದು ಜೊತೆ ಬೂಟು ಕೊಡ್ತೀನಿ, ಆಟದ ದಿನ ಹೊಟ್ಟೆ ತುಂಬ ಊಟ ಕೊಡ್ತೀನಿ, ಬರ್ತೀಯಾ ಎಂದಿದ್ದ.

"ನಾನು ಹಿಂದೆ ಮುಂದೆ ನೋಡ್ಲಿಲ್ಲ. ಕಾಲೇಜಿನಲ್ಲಿ ಒಬ್ಬ ಹುಡುಗ ಟೈಫಾಯ್ಡ್ ಬಂದು ಮನೇಲಿ ಮಲಗಿದ್ದ. ಪ್ರತಿ ಶನಿವಾರ ನಾನು ಅವನಾಗ್ತಿದ್ದೆ."

"ಅವನ ಹೆಸರೇನು?" ಎಂದಳು ಶುಭಾ.

"ಬಾಬ್ ಪ್ರೆಂಟಿಸ್."

ಅಮ್ಮನಿಗೆ ಆ ಹೆಸರು ಏನೂ ಅನ್ನಿಸಲಿಲ್ಲ. ಶುಭಾಗೆ ಮಾತ್ರ ಹೊಳೆಯಿತು: ಬಾಬ್ ಅಂದರೆ ರಾಬರ್ಟ್, ಕ್ರೇಗನ ತಾತ.

"ನಮ್ಮಮ್ಮ ಒಂದೇ ಒಂದು ಸಲ ಆಟ ನೋಡೋಕೆ ಬಂದಿದ್ಲು," ಎಂದು ಅವರು ಮುಂದುವರಿಸಿದರು. "ಅವಳಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ. ಜನ 'ಪ್ರೆಂಟಿಸ್! ಪ್ರೆಂಟಿಸ್!' ಅಂತ ಕೂಗಿದ್ದೇ ಕೂಗಿದ್ದು. ಮನೆಗೆ ಬಂದ್ಮೇಲೆ, 'ಆ ಪ್ರೆಂಟಿಸ್ ಅನ್ನೋನು ಎಲ್ಲಿದ್ದನೋ? ನಾನು ನಿನ್ನನ್ನ ಬಿಟ್ಟು ಯಾರನ್ನೂ ನೋಡ್ಲೇ ಇಲ್ಲ,' ಅಂದ್ಲು."

ಅಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲೇ ನಿಂತಿತು. ಇಲ್ಲಿಯವರನ್ನು ನಂಬಬೇಡ ಎಂದಿದ್ದ ಅಮ್ಮ ಮೂಗೆಳೆದುಕೊಂಡರು. ಬಗ್ಗಿ ಎರಡು ಬೂಟಿಗೂ ಕುಂಕುಮ ಹಚ್ಚಿ, ಒಂದೊಂದರ ಮೇಲೆ ಒಂದೊಂದು ಹೂವಿಟ್ಟರು.

"ಆಮೇಲೆ ಆ ಪ್ರೆಂಟಿಸ್ ಸಿಕ್ಕಿದ್ನಾ?" ಎಂದರು ಅಪ್ಪ.

"ಈ ಊರಿಗೆ ಬಂದ್ಮೇಲೆ ನೋಡ್ತೀನಿ, ಹಾರ್ಡ್‌ವೇರ್ ಅಂಗಡಿ ಅವನದ್ದೇ! ವರ್ಷಗಟ್ಟಲೆ ಅವನ ಹತ್ರಾನೇ ಮೊಳೆ ತಗೊಂಡೆ. ನಾನು ಯಾರು ಅಂತ ಅವನಿಗೂ ಗೊತ್ತಿತ್ತು. ಇಬ್ರೂ ಆ ಮಾತೆತ್ತಲಿಲ್ಲ. ಮೊಳೆ ತೂಗಿ ಆದ್ಮೇಲೆ ಚೀಲಕ್ಕೆ ಇನ್ನೊಂದು ಹಿಡಿ ಹಾಕ್ತಿದ್ದ, ಅಷ್ಟೇ." ಅವರು ಶುಭಾಳ ಕಡೆ ತಿರುಗಿದರು. "ನಾವು ಮಾಡಿದ್ದು ಸರಿ ಅಂತ ನಾನು ಹೇಳಲ್ಲ ಮಗೂ. ನನ್ನಿಂದ ನಿನಗೆ ಕೆಟ್ಟ ಹೆಸರು ಬಂತು. ಬೇಕಾದ್ರೆ ಶುಕ್ರವಾರ ಎಲ್ಲಾನೂ ಹೇಳಿಬಿಡು. ಈ ವಯಸ್ಸಲ್ಲಿ ನನಗೇನಾಗತ್ತೆ?"

ಹಾಗೆಂದು ಶುಭಾ ಪೂರ್ತಿ ನಂಬಿದಳೇ? ಇಲ್ಲ. ವಾರವಿಡೀ ಮನಸ್ಸು ಅತ್ತ ಇತ್ತ ಆಡಿತು. ಬೇರೆಯವರ ಹೆಸರು ಹಾಕಿಕೊಂಡು ಊರನ್ನೇ ನಂಬಿಸಿದ್ದವರು ಒಬ್ಬ ಐದನೇ ಕ್ಲಾಸಿನ ಹುಡುಗಿಯನ್ನು ನಂಬಿಸಲಾರರೇ? ನಿಜವಾಗಿದ್ದರೆ ಮಾತ್ರ ಕ್ರೇಗನಿಗೆ ಕ್ಲಾಸಿನ ಎದುರೇ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು. ಆ ಮಾತುಗಳನ್ನು ಬಚ್ಚಲುಮನೆಯ ಕನ್ನಡಿಯ ಮುಂದೆ ಹೇಳಿಯೂ ನೋಡಿದಳು. ಬಹಳ ಖುಷಿಯಾಯಿತು.

ಶುಕ್ರವಾರ ಬಂತು. ಥಾರ್ನ್‌ಬಿಯ ಜಿಮ್ಮಿನ ಉದ್ದನೆಯ ವರಾಂಡದಲ್ಲಿ ನೆಲಕ್ಕೆ ಹಚ್ಚಿದ ಮೇಣದ ವಾಸನೆ. ಗೋಡೆಯ ತುಂಬ ಫೋಟೊಗಳು. ಕ್ರೇಗ್ ಎಲ್ಲರಿಗಿಂತ ಮುಂದೆ ಓಡಿ ಒಂದರ ಕೆಳಗೆ ನಿಂತ.

"ಇದೇ! ಓದು, ಹೆಸರು ಓದು!"

ಶುಭಾ ಓದಿದಳು. ನೋವಾಕ್ ಇರಲಿಲ್ಲ. ಪ್ರೆಂಟಿಸ್ ಇತ್ತು. ಎಡದಿಂದ ಮೂರನೆಯವನನ್ನು ನೋಡಿದಳು. ಕೆದರಿದ ಉದ್ದ ಕೂದಲು, ಕೆಸರು ಮೆತ್ತಿದ ಮುಖ. ಬೆಳಕಿಗೆ ಕಣ್ಣು ಕಿರಿದು ಮಾಡಿದ್ದ. ಫೋಟೊ ಮಸುಕಾಗಿ ಮುಖ ಯಾರದೆಂದು ಹೇಳುವ ಹಾಗಿರಲಿಲ್ಲ. ಮೂಗು ಕೂಡ ಆಗಿನ್ನೂ ನೆಟ್ಟಗಿತ್ತು. ಅವಳ ಕಣ್ಣು ಕೆಳಗಿಳಿಯಿತು. ಬಲಗೈ ಮಂಡಿಯ ಮೇಲಿತ್ತು. ನಾಲ್ಕು ಬೆರಳು ಮಂಡಿಯನ್ನು ಬಿಗಿಯಾಗಿ ಹಿಡಿದಿದ್ದವು.

ಹೆಬ್ಬೆರಳು ಮಾತ್ರ ನೆಟ್ಟಗೆ ನಿಂತಿತ್ತು.

ಇವರೇ! ಕುಂಟೆ ಹಿಡಿಯುವ ಕೈ, ಚಕ್ಕುಲಿ ಅದ್ದುವ ಕೈ. ಗ್ಯಾರೇಜಿನಲ್ಲಿ ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಕನ್ನಡಿಯ ಮುಂದೆ ಹೇಳಿ ನೋಡಿದ್ದ ಮಾತು ನಾಲಿಗೆಯ ತುದಿಗೇ ಬಂದು ಕೂತಿತು.

"ಆ ಹೆಬ್ಬೆರಳು ನೋಡಿ," ಎಂದ ಕ್ರೇಗ್ ಎಲ್ಲರಿಗೂ. "ತಾತ ಸುಮ್ನೆ ಹಾಗೆ ಇಟ್ಕೊಂಡಿಲ್ಲ. 'ಗೆದ್ದೇ ಗೆಲ್ತೀವಿ' ಅಂತ ತೋರಿಸ್ತಿದಾರೆ. ನಾನು ಹುಟ್ಟೋಕೆ ಮುಂಚೇನೇ ಅವರು ಹೋಗಿಬಿಟ್ರು. ಚಿಕ್ಕವನಿದ್ದಾಗ ಅಪ್ಪ ನನ್ನನ್ನ ಇಲ್ಲಿ ಎತ್ತಿ ಹಿಡಿದು ತೋರಿಸ್ತಿದ್ರು. ಈಗ್ಲೂ ಪ್ರತಿ ಮ್ಯಾಚಿಗೆ ಮುಂಚೆ ಅಪ್ಪ, ನಾನು ಇಬ್ರೂ ಹೀಗೆ ಮಾಡ್ತೀವಿ."

ಅವನು ತನ್ನ ಹೆಬ್ಬೆರಳನ್ನು ಎತ್ತಿ ಗಾಜಿಗೆ ತಾಗಿಸಿದ. ಗಾಜಿನ ಮೇಲೆ, ಸರಿಯಾಗಿ ಆ ಜಾಗದಲ್ಲಿ, ಹಳೆಯ ಬೆರಳಚ್ಚುಗಳು ಮಸುಕಾಗಿ ಒಂದರ ಮೇಲೊಂದು ಬಿದ್ದಿದ್ದವು. ಕೆಲವು ತೀರಾ ಪುಟ್ಟವು.

"ಏನು ಶುಭಾ, ನೋವಾಕ್ ಸಿಕ್ಕಿದ್ರಾ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಎಲ್ಲರೂ ಅವಳನ್ನೇ ನೋಡಿದರು. ಮಿಸ್ ಡೋಯ್ಲ್ ಕೂಡ.

ಶುಭಾ ಆ ಪುಟ್ಟ ಬೆರಳಚ್ಚುಗಳನ್ನು ಇನ್ನೊಮ್ಮೆ ನೋಡಿದಳು.

"ನೋವಾಕ್ ಅನ್ನೋ ಹೆಸರು ಇಲ್ಲಿಲ್ಲ," ಎಂದಳು.

"ನಾನು ಹೇಳ್ಲಿಲ್ವಾ!" ಎಂದ ಕ್ರೇಗ್. ನಾಲ್ಕಾರು ಜನ ನಕ್ಕರು. ಶುಭಾಗೆ ಅಳು ಬರುವಂತಾಯಿತು. ಬೂಟಿನ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗಿ, ಸಾಕಷ್ಟು ಹೊತ್ತು ಕಟ್ಟಿಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಫ್ರೀವೇ ಹತ್ತಿದ ಮೇಲೆ ಕ್ರೇಗ್ ಎದ್ದು ಬಂದು ಧೊಪ್ಪನೆ ಕೂತ. ಗೆದ್ದವನ ಮುಖ ಅವನದ್ದಾಗಿರಲಿಲ್ಲ.

"ನಿಮ್ಮ ನೋವಾಕ್ ಬೇರೆ ಯಾವುದಾದ್ರೂ ಟೀಮಲ್ಲಿ ಆಡಿರಬಹುದು," ಎಂದ. "ವಯಸ್ಸಾದ್ಮೇಲೆ ಮರೆತುಹೋಗತ್ತೆ."

"ನಿಮ್ಮ ತಾತ ಹೇಗಿದ್ರಂತೆ?" ಎಂದಳು ಶುಭಾ.

"ಪಕ್ಕಾ ಜಿಪುಣ!" ಕ್ರೇಗ್ ನಕ್ಕುಬಿಟ್ಟ. "ಅಪ್ಪ ಹೇಳ್ತಿರ್ತಾರೆ. ಹಾರ್ಡ್‌ವೇರ್ ಅಂಗಡಿ ಇತ್ತಲ್ಲ, ಒಂದು ಮೊಳೆ ಜಾಸ್ತಿ ಬಿದ್ರೂ ತಕ್ಕಡಿಯಿಂದ ಎತ್ತಿ ವಾಪಸ್ ಡಬ್ಬಕ್ಕೆ ಹಾಕ್ತಿದ್ರಂತೆ. ಜನ್ಮದಲ್ಲಿ ಯಾರಿಗೂ ಪುಕ್ಕಟೆ ಕೊಟ್ಟವರಲ್ಲ."

ಶುಭಾ ಕಿಟಕಿಯ ಕಡೆ ತಿರುಗಿದಳು. ಹೊರಗೆ ಕೆಂಪು ಹಳದಿ ಮರಗಳು ಹಿಂದೆ ಓಡುತ್ತಿದ್ದವು.

ಕ್ರೇಗ್ ಜೇಬಿನಿಂದ ಒಂದು ಚಾಕೊಲೇಟ್ ಬಾರ್ ತೆಗೆದ. ಮುರಿದು, ಎರಡು ತುಂಡನ್ನೂ ಅಳೆದು ನೋಡಿ, ದೊಡ್ಡದನ್ನು ಅವಳ ಕೈಯಲ್ಲಿಟ್ಟ. "ತಗೋ," ಎಂದಷ್ಟೇ ಹೇಳಿ ತನ್ನ ಸೀಟಿಗೆ ಹೋದ.

ಶುಭಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಡಲೆಬೀಜವಿದ್ದ ತುದಿಯನ್ನು ಮುರಿದು ತಾನು ಬಾಯಿಗೆ ಹಾಕಿಕೊಂಡಳು. ಕಡಲೆಬೀಜವಿಲ್ಲದ ಮೆತ್ತನೆಯ ತುಂಡನ್ನು ಕಾಗದದಲ್ಲಿ ಜೋಪಾನವಾಗಿ ಸುತ್ತಿ, ಮನೆ ಮುಟ್ಟುವವರೆಗೂ ಕರಗದಿರಲೆಂದು ಕೋಟಿನ ಹೊರಜೇಬಿನಲ್ಲಿ ಇಟ್ಟುಕೊಂಡಳು.